ಹದಿನೆಂಟನೆಯ ಬೈಟು

ಪ್ರಿಂಟರು ಸುಲಭಕ್ಕೆ ಸಾಯುವ ಯಂತ್ರವಲ್ಲ. ಕಂಪ್ಯೂಟರನ್ನು ಐದಾರು ವರ್ಷಕ್ಕೊಮ್ಮೆ ಬದಲಿಸುವವರೂ ಪ್ರಿಂಟರನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಉರ್ವಸ್ಟೋರಿನಿಂದ ಉರ್ವ ಮಾರ್ಕೆಟಿನ ಕಡೆಗೆ, ಅಲ್ಲಿಂದ ಲೇಡಿಹಿಲ್ ತನಕ ನಡೆದುಕೊಂಡು ಹೋಗುತ್ತಾ ದಾರಿಯ ಜೆರಾಕ್ಸ್ ಅಂಗಡಿಗಳನ್ನು ಒಮ್ಮೆ ಇಣುಕಿ ನೋಡಿ. ಕೌಂಟರಿನ ಮೂಲೆಯಲ್ಲಿ ಮೈಬಣ್ಣ ಹಳದಿಗೆ ತಿರುಗಿದ, ಟ್ರೇಯ ಮುಚ್ಚಳ ಎಂದೋ ಮುರಿದುಹೋದ ಪುಟ್ಟ ಲೇಸರ್ ಪ್ರಿಂಟರೊಂದು ಇದ್ದೇ ಇರುತ್ತದೆ. ಅದರ ಒಳಗಿನದು ಎಲ್ಲವೂ ಒಂದೊಂದು ಸಲವಾದರೂ ಬದಲಾಗಿರುತ್ತದೆ. ಬೆನ್ನಿಗೆ ಬ್ಯಾಗು ಹಾಕಿಕೊಂಡು ಸ್ಕೂಟರಿನಲ್ಲಿ ಬರುವ ಹುಡುಗ ನೆಲದಲ್ಲಿ ಹಳೆ ಪೇಪರು ಹಾಸಿ, ಕಾರ್ಟ್ರಿಜ್ ಬಿಚ್ಚಿ, ಟೋನರ್ ತುಂಬಿ, ಡ್ರಮ್ಮು ಒರೆಸಿ, ಬ್ಲೇಡು ನೋಡಿ ಮತ್ತೆ ಕೂರಿಸುತ್ತಾನೆ. ಕಾಗದ ಎಳೆಯದಿದ್ದರೆ ಪಿಕಪ್ ರೋಲರು, ಅಕ್ಷರ ಕೈಗೆ ಅಂಟಿದರೆ ಫ್ಯೂಸರ್ ಫಿಲ್ಮು. ಆಟಿ ತಿಂಗಳ ಮಳೆಯಲ್ಲಿ ಕಾಗದ ತೇವ ಹಿಡಿದು ಸುರುಳಿ ಸುತ್ತುತ್ತದೆಂದು ರೀಮುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಳಗೆ ಬಲ್ಬು ಉರಿಯುವ ಕಪಾಟಿನಲ್ಲಿ ಇಟ್ಟುಕೊಳ್ಳುವವರನ್ನೂ ನಾನು ಬಲ್ಲೆ. ಇಷ್ಟು ಆರೈಕೆ ಸಿಕ್ಕಿದ ಯಂತ್ರ ಬಾಳುತ್ತದೆ.

ಅಂಥದ್ದೊಂದು ಪ್ರಿಂಟರು ಯಾವ ಭಾಗವೂ ಕೆಡದೆ, ಒಂದು ಹಲ್ಲೂ ಸವೆಯದೆ, ರಾತ್ರಿ ಬೆಳಗಾಗುವುದರೊಳಗೆ ನಿರುಪಯೋಗಿ ಆಗಬಹುದು ಎಂಬುದನ್ನು ನಾನು ಕಂಡದ್ದು ಉರ್ವಸ್ಟೋರಿನ ಒಂದು ಸಣ್ಣ ಅಂಗಡಿಯಲ್ಲಿ. ಅಂಗಡಿ ನಡೆಸುವವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುವುದು. ಜಿಲ್ಲಾ ಪಂಚಾಯತ್ ಕಚೇರಿಗೆ ಅರ್ಜಿ ಹಿಡಿದು ಬರುವವರು, ಆಧಾರ್ ಕಾರ್ಡಿನ ನಕಲು ಬೇಕಾದವರು, ಹಾಲ್ ಟಿಕೆಟು ತೆಗೆಸುವ ಮಕ್ಕಳು, ಆರ್‌ಟಿಸಿ ಪ್ರತಿ ಕೇಳುವ ಹಿರಿಯರು ಅವರ ಗಿರಾಕಿಗಳು. ಮಳೆಗಾಲದಲ್ಲಿ ಕರೆಂಟು ಹೋದಾಗಲೆಲ್ಲ ಹಳೆಯ ಡೆಸ್ಕ್‌ಟಾಪು ಯುಪಿಎಸ್ಸನ್ನು ಕೂಗಿಸಿ ಮಲಗಿಬಿಡುತ್ತಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ರಾಸ್‌ಬೆರಿ ಪೈ ಎಂಬ ಅಂಗೈಯಷ್ಟು ಕಂಪ್ಯೂಟರ್ ತಂದು ಜೋಡಿಸಿಕೊಟ್ಟು ಹೋದ. ಕೆಲವೇ ವಾಟ್ ವಿದ್ಯುತ್ತಿನಲ್ಲಿ ನಡೆಯುತ್ತದೆ, ಸಣ್ಣ ಬ್ಯಾಟರಿಯ ಮೇಲೂ ಬಹಳ ಹೊತ್ತು ನಿಲ್ಲುತ್ತದೆ. ಪರದೆ ಬಂತು, ಇಂಟರ್‌ನೆಟ್ಟು ಬಂತು, ಕನ್ನಡ ಟೈಪಿಂಗೂ ಬಂತು.

"ಎಲ್ಲ ಉಂಟು, ಪ್ರಿಂಟು ಮಾತ್ರ ಬರುವುದಿಲ್ಲ. ಒಮ್ಮೆ ಬಂದು ನೋಡ್ತೀರಾ?" ಎಂದು ಅಕ್ಕ ಫೋನು ಮಾಡಿದರು.

"ಪ್ರಿಂಟರ್ ಹಾಳಾಗಿರಬಹುದಾ ಅಕ್ಕ?"

"ಎಂತ ಹಾಳು ಮಾರಾಯ್ರೆ? ನಿನ್ನೆ ಸಂಜೆ ಹಳೆ ಕಂಪ್ಯೂಟರಿನಲ್ಲಿ ಲಾಯ್ಕದಲ್ಲಿ ಬರ್ತಾ ಇತ್ತು. ಸರ್ವಿಸಿನವರಿಗೆ ಫೋನ್ ಮಾಡಿದ್ರೆ ಹೊಸ ಪ್ರಿಂಟರ್ ತೆಗೊಳ್ಳಿ ಅಂತಾರೆ. ಚಂದ ಇರುವುದನ್ನು ಯಾಕೆ ಬಿಸಾಡಬೇಕು?"

ಆ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹುಡುಕುತ್ತಾ ಹೋದಂತೆ ವಿಷಯ ಉರ್ವಸ್ಟೋರನ್ನು ದಾಟಿ ಬಹಳ ಹಿಂದಕ್ಕೆ, ಬಹಳ ದೂರಕ್ಕೆ ಹೋಯಿತು.

ಯುಎಸ್‌ಬಿ ಕೇಬಲ್ ಚುಚ್ಚಿದ ಕೂಡಲೇ ಪ್ರಿಂಟರಿನ ಹೆಸರು, ಮಾಡೆಲ್ ನಂಬರ್ ಎರಡೂ ಪರದೆಯಲ್ಲಿ ಕಾಣಿಸಿದವು. ಅಂದರೆ ತಂತಿ ಸರಿ ಇದೆ, ಪ್ರಿಂಟರಿಗೆ ಜೀವ ಇದೆ, ಇವರಿಬ್ಬರಿಗೂ ಪರಿಚಯವೂ ಆಗಿದೆ. ಪೈಯಲ್ಲಿ ನಡೆಯುವುದು ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ. ತಯಾರಕರು ಅದಕ್ಕಾಗಿ ಕೊಟ್ಟ ಡ್ರೈವರ್ ಕಡತ ಇಳಿಸಿಕೊಂಡೆ. ಇದು ಬೇರೆ ಆರ್ಕಿಟೆಕ್ಚರಿನದು ಎಂದು ಕಂಪ್ಯೂಟರು ಅದನ್ನು ಒಳಗೇ ಬಿಡಲಿಲ್ಲ. ಒತ್ತಾಯ ಮಾಡಿ ಹಾಕಿದ್ದಾಯಿತು. ಪ್ರಿಂಟ್ ಕೊಟ್ಟರೆ ಕೆಲಸ ಸಾಲಿಗೆ ಸೇರಿ, ಕ್ಷಣದಲ್ಲೇ ನಿಂತು, 'ಫಿಲ್ಟರ್ ಫೇಲ್ಡ್' ಎಂದು ತೋರಿಸಿತು. ಲಾಗ್ ಕಡತದಲ್ಲಿ ನಿಜವಾದ ಕಾರಣ ಇತ್ತು: 'ಎಕ್ಸೆಕ್ ಫಾರ್ಮ್ಯಾಟ್ ಎರರ್'. ಈ ಪ್ರೋಗ್ರಾಮನ್ನು ನಡೆಸುವುದು ನನ್ನಿಂದ ಆಗುವುದಿಲ್ಲ ಎಂದು ಕಂಪ್ಯೂಟರು ಹೇಳುತ್ತಿತ್ತು.

ಯಾಕೆ ಆಗುವುದಿಲ್ಲ ಎಂಬುದು ಆ ಪ್ರೋಗ್ರಾಮಿನ ಕಡತದಲ್ಲೇ ಬರೆದಿರುತ್ತದೆ. ಕಡತವನ್ನು ಬಿಚ್ಚಿ ಅದರ ಬೈಟುಗಳನ್ನು ಸಾಲಿಗೆ ಹದಿನಾರರಂತೆ ಪರದೆಯ ಮೇಲೆ ಹರಡಿಕೊಂಡೆ. ಮೊದಲ ಸಾಲು 7ಎಫ್ 45 4ಸಿ 46 ಎಂದು ಶುರುವಾಗುತ್ತದೆ. ಯಂತ್ರಭಾಷೆಗೆ ಇಳಿಸಿದ ಲಿನಕ್ಸ್ ಪ್ರೋಗ್ರಾಮುಗಳ ತಲೆಬರಹ ಇದು. ಐದನೆಯ ಬೈಟು 01, ಅಂದರೆ 32 ಬಿಟ್. ಎರಡನೆಯ ಸಾಲಿನಲ್ಲಿ ಮೂರನೆಯದಾಗಿ, ಸೊನ್ನೆಯಿಂದ ಎಣಿಸಿದರೆ ಹದಿನೆಂಟನೆಯ ಬೈಟಾಗಿ, 03 ಎಂಬ ಸಂಖ್ಯೆ ಕೂತಿತ್ತು. ಅದು ಇಂಟೆಲ್ 386 ವಂಶದ ಪ್ರೊಸೆಸರಿನ ಗುರುತು. ಪೈಯ ಒಳಗಿರುವ ಪ್ರೋಗ್ರಾಮೊಂದನ್ನು ಪಕ್ಕದಲ್ಲಿಟ್ಟು ನೋಡಿದೆ. ಅದರಲ್ಲಿ ಅದೇ ಜಾಗದಲ್ಲಿ ಬಿ7, ಅಂದರೆ 183. ಅದು 64 ಬಿಟ್ ಆರ್ಮ್ ಪ್ರೊಸೆಸರಿನ ಗುರುತು. ಹಳೆಯ 32 ಬಿಟ್ ಆರ್ಮ್ ಆಗಿದ್ದರೆ 40 ಇರುತ್ತಿತ್ತು. ಈಗಿನ ಇಂಟೆಲ್, ಎಎಮ್‌ಡಿ ಡೆಸ್ಕ್‌ಟಾಪುಗಳದ್ದು 62. ಅಕ್ಕನ ಪ್ರಿಂಟರಿನ ಜೀವ ಈ ಒಂದು ಅಂಕಿಯಲ್ಲಿ ಸಿಕ್ಕಿಕೊಂಡಿತ್ತು.

ಆ ಬೈಟನ್ನು ತಿದ್ದಿ 183 ಎಂದು ಬರೆದರೆ ಕೆಲಸ ಆಗುವುದಿಲ್ಲ. ಅದು ಬರೀ ಹೆಸರುಪಟ್ಟಿ. ಅದರ ಕೆಳಗೆ ಇರುವ ಸಾವಿರಾರು ಆದೇಶಗಳು ಇಂಟೆಲ್ ಪ್ರೊಸೆಸರಿಗೆ ಮಾತ್ರ ಅರ್ಥವಾಗುವಂಥವು. ಕೂಡಿಸು, ಕಳೆ, ಇಲ್ಲಿಂದ ಅಲ್ಲಿಗೆ ಇಡು ಎಂಬ ಅತಿ ಸಣ್ಣ ಆದೇಶಕ್ಕೂ ಇಂಟೆಲ್ ಒಂದು ಸಂಖ್ಯೆ ಬಳಸಿದರೆ ಆರ್ಮ್ ಇನ್ನೊಂದು ಬಳಸುತ್ತದೆ. ಮೂಲ ಪ್ರೋಗ್ರಾಮನ್ನು, ಅಂದರೆ ಮನುಷ್ಯರು ಬರೆದ ಸೋರ್ಸ್ ಕೋಡನ್ನು ಕೊಟ್ಟರೆ ಆರ್ಮ್‌ಗಾಗಿ ಮತ್ತೊಮ್ಮೆ ಕಂಪೈಲ್ ಮಾಡಿಕೊಳ್ಳುವುದು ಕೆಲವೇ ನಿಮಿಷದ ಕೆಲಸ. ಅದನ್ನು ತಯಾರಕರು ಕೊಟ್ಟಿರಲಿಲ್ಲ. ಸಿಕ್ಕಿದ್ದು ಇಂಟೆಲ್‌ಗಾಗಿ ಬೇಯಿಸಿಟ್ಟ ಕಡತ ಒಂದೇ.

ಇಲ್ಲಿ ಒಂದು ವರ್ಷವನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ: 1985. ಆ ಜನವರಿಯಲ್ಲಿ ಆಪಲ್ ಕಂಪನಿ ಲೇಸರ್‌ರೈಟರ್ ಎಂಬ ಪ್ರಿಂಟರನ್ನು ಪ್ರಕಟಿಸಿತು. ಏಪ್ರಿಲ್ 26ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಏಕಾರ್ನ್ ಕಂಪನಿಯಲ್ಲಿ, ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ವಿನ್ಯಾಸ ಮಾಡಿದ ಮೊದಲ ಆರ್ಮ್ ಚಿಪ್ಪು ಕೆಲಸ ಮಾಡಿತು. ಅಕ್ಟೋಬರಿನಲ್ಲಿ ಇಂಟೆಲ್ ತನ್ನ 80386 ಪ್ರೊಸೆಸರನ್ನು ಹೊರತಂದಿತು. ಆರ್ಮ್ ಚಿಪ್ಪಿನ ಬಗ್ಗೆ ಫರ್ಬರ್ ಹೇಳುವ ಒಂದು ಸಂಗತಿ ನನಗೆ ಬಹಳ ಇಷ್ಟ. ಅದು ಎಷ್ಟು ವಿದ್ಯುತ್ತು ಎಳೆಯುತ್ತದೆ ಎಂದು ಅಳೆದಾಗ ಮೀಟರು ಸೊನ್ನೆ ತೋರಿಸಿತಂತೆ. ಹುಡುಕಿ ನೋಡಿದರೆ ಚಿಪ್ಪಿಗೆ ವಿದ್ಯುತ್ ಸಂಪರ್ಕವನ್ನೇ ಕೊಟ್ಟಿರಲಿಲ್ಲ. ಸುತ್ತಲಿನ ಬಿಡಿಭಾಗಗಳ ತಂತಿಗಳಿಂದ ಜಿನುಗಿ ಬಂದ ವಿದ್ಯುತ್ತಿನಲ್ಲೇ ಅದು ಲೆಕ್ಕ ಮಾಡುತ್ತಿತ್ತು. ಮಳೆಗಾಲದ ಕರೆಂಟಿಗೆ ಹೆದರಿ ಅಕ್ಕನ ಮಗ ಆರಿಸಿದ್ದು ಅದರ ವಂಶದ ಕುಡಿಯನ್ನೇ. ಹಾಗಾಗಿ ಉರ್ವಸ್ಟೋರಿನ ಕೌಂಟರಿನ ಮೇಲೆ ಅವತ್ತು ಎದುರುಬದುರಾದ ಇಬ್ಬರೂ ಒಂದೇ ವರ್ಷ ಹುಟ್ಟಿದ ಮನೆತನಗಳವರು. ಇವರ ಜಗಳ ಬರದಂತೆಯೇ ತಡೆಯುವ ಉಪಾಯ ಆ ವರ್ಷದ ಮೂರನೆಯ ಯಂತ್ರದಲ್ಲಿ, ಲೇಸರ್‌ರೈಟರಿನಲ್ಲಿ, ಆಗಲೇ ಇತ್ತು.

ಲೇಸರ್‌ರೈಟರಿನ ಬೆಲೆ 6,995 ಡಾಲರ್. ಯಾಕೆ ಅಷ್ಟು ದುಬಾರಿ ಎಂದರೆ ಅದರ ಹೊಟ್ಟೆಯೊಳಗೆ ಪೂರ್ತಿ ಒಂದು ಕಂಪ್ಯೂಟರು ಇತ್ತು. ಮೋಟೊರೋಲಾ 68000 ಪ್ರೊಸೆಸರು, ವೇಗ 12 ಮೆಗಾಹರ್ಟ್ಸ್. ಅದಕ್ಕೆ ಪುಟ ಕಳಿಸುತ್ತಿದ್ದ ಮ್ಯಾಕಿಂಟಾಷ್ ಕಂಪ್ಯೂಟರಿನ ವೇಗ 8 ಮೆಗಾಹರ್ಟ್ಸ್‌ಗೂ ಸ್ವಲ್ಪ ಕಡಿಮೆ. ಬರೆಸುವವನಿಗಿಂತ ಬರೆಯುವವನೇ ಚುರುಕು. ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕೆ ಕಟ್ಟಿದ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಅದಕ್ಕೆ ತಿಳಿಯುತ್ತಿತ್ತು. ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಈ ಅಕ್ಷರವನ್ನು ಇಷ್ಟು ದೊಡ್ಡದಾಗಿ ಇಡು ಎಂದು ಓದಲು ಬರುವ ಪಠ್ಯದಲ್ಲಿ ಬರೆದು ಕಳಿಸಿದರೆ ಸಾಕು, ಚುಕ್ಕಿಗಳನ್ನು ಕೂರಿಸುವ ಕಷ್ಟವೆಲ್ಲ ಪ್ರಿಂಟರಿನದ್ದು. ಕಳಿಸುವವರು ಇಂಟೆಲ್ಲೋ ಆರ್ಮೋ ಎಂದು ಅದು ಕೇಳುವುದೇ ಇಲ್ಲ. ಅಂಥ ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರೊಂದು ಇವತ್ತಿಗೂ ಸುಸ್ಥಿತಿಯಲ್ಲಿದ್ದರೆ ಅಕ್ಕನ ಪೈ ಅದರೊಡನೆ ಮಾತಾಡಬಲ್ಲದು.

ಆಮೇಲೆ ಪ್ರಿಂಟರು ಅಗ್ಗವಾಯಿತು. ಅಗ್ಗವಾದದ್ದರಿಂದಲೇ ಅದು ಉರ್ವದ ಸಣ್ಣ ಅಂಗಡಿಗೂ ಬಂತು, ಅದನ್ನು ಮರೆಯಬಾರದು. ಆದರೆ ಅಗ್ಗವಾದ ಬಗೆ ಹೇಗೆಂದರೆ, ಪ್ರಿಂಟರಿನ ಒಳಗಿನ ಕಂಪ್ಯೂಟರನ್ನು ತೆಗೆದುಹಾಕಿದರು. ಅಡುಗೆಯವರನ್ನು ಬಿಡಿಸಿ, ಗಿರಾಕಿ ಮನೆಯಿಂದ ಬೇಯಿಸಿ ತಂದದ್ದನ್ನೇ ಎಲೆಗೆ ಬಡಿಸುವ ಹೋಟೆಲಿನ ಹಾಗೆ. ಎ4 ಹಾಳೆಯಲ್ಲಿ ಇಂಚಿಗೆ 600 ಚುಕ್ಕಿಯ ಲೆಕ್ಕದಲ್ಲಿ ಅಡ್ಡಕ್ಕೆ ಸುಮಾರು 4,960, ಉದ್ದಕ್ಕೆ ಸುಮಾರು 7,016 ಚುಕ್ಕಿ. ಗುಣಿಸಿದರೆ ಮೂರು ಕೋಟಿ ನಲವತ್ತೇಳು ಲಕ್ಷಕ್ಕೂ ಮೇಲೆ. ಇಲ್ಲಿ ಕಪ್ಪು, ಇಲ್ಲಿ ಬಿಳಿ ಎಂದು ಇಷ್ಟನ್ನೂ ನಿರ್ಧರಿಸುವುದು ಈಗ ನಮ್ಮ ಕಂಪ್ಯೂಟರಿನ ಪ್ರೊಸೆಸರು. ಹಾಗೇ ಇಟ್ಟರೆ ಅದು ನಾಲ್ಕು ಮೆಗಾಬೈಟಿಗೂ ಹೆಚ್ಚು. ಒಳಗೆ ಎರಡೇ ಮೆಗಾಬೈಟ್ ಮೆಮೊರಿ ಇರುವ ಪ್ರಿಂಟರುಗಳಿವೆ, ಅವಕ್ಕೆ ಒಂದು ಪುಟ ಪೂರ್ತಿ ಹಿಡಿಸುವುದಿಲ್ಲ. ಡ್ರಮ್ಮು ಒಮ್ಮೆ ತಿರುಗಲು ಶುರುವಾದರೆ ನಡುವೆ ನಿಲ್ಲುವ ಹಾಗೂ ಇಲ್ಲ. ಆದ್ದರಿಂದ ಚುಕ್ಕಿಗಳನ್ನು ಒತ್ತಿ ಸಣ್ಣದು ಮಾಡಿ, ಆ ಒಂದು ಮಾಡೆಲಿಗೆ ಮಾತ್ರ ಗೊತ್ತಿರುವ ಗುಟ್ಟಿನ ರೀತಿಯಲ್ಲಿ ಕಳಿಸಬೇಕು. ಆ ಗುಟ್ಟು ಇರುವುದು ಡ್ರೈವರಿನಲ್ಲಿ. ಡ್ರೈವರು ಇರುವುದು ನಮ್ಮ ಪ್ರೊಸೆಸರಿನ ಮೇಲೆ. ಪ್ರಿಂಟರಿನ ಮಿದುಳನ್ನು ನಮ್ಮ ಕಂಪ್ಯೂಟರಿನೊಳಗೆ ಇಟ್ಟದ್ದರಿಂದ, ನಾವು ಕಂಪ್ಯೂಟರ್ ಬದಲಿಸಿದ ದಿನ ಪ್ರಿಂಟರು ಮಿದುಳು ಕಳಕೊಳ್ಳುತ್ತದೆ. ಸರ್ವಿಸಿನವರು ಹೊಸದು ತೆಗೊಳ್ಳಿ ಎಂದದ್ದು ಇದಕ್ಕೆ.

ಕನ್ನಡದವನಾಗಿ ಇಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಮಿದುಳಿದ್ದ ಆ ಹಳೆಯ ಪ್ರಿಂಟರುಗಳಿಗೆ ನಮ್ಮ ಅಕ್ಷರ ಗೊತ್ತಿರಲಿಲ್ಲ. ಮೊದಲ ಲೇಸರ್‌ರೈಟರಿನ ಒಳಗೆ ಹದಿಮೂರು ಫಾಂಟುಗಳಿದ್ದವು, ಟೈಮ್ಸ್, ಹೆಲ್ವೆಟಿಕಾ, ಕೊರಿಯರ್, ಸಿಂಬಲ್ ಎಂಬ ನಾಲ್ಕು ಕುಟುಂಬಗಳವು. ಕನ್ನಡ ಬೇಕಿದ್ದರೆ ಫಾಂಟನ್ನೂ ಪುಟದ ಜೊತೆ ಹೊರಿಸಿ ಕಳಿಸಬೇಕು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ಕಥೆ ಇನ್ನೂ ಕಷ್ಟದ್ದು. ಅವುಗಳ ರೋಮಿನಲ್ಲಿ ಇಂಗ್ಲಿಷ್ ಅಕ್ಷರಗಳ ಅಚ್ಚು ಇರುತ್ತಿತ್ತು, ಕಂಪ್ಯೂಟರು 65 ಎಂದರೆ ಅದು ಎ ಎಂದು ಕುಟ್ಟುತ್ತಿತ್ತು. ಕನ್ನಡದ ಒತ್ತಕ್ಷರ, ದೀರ್ಘ, ತಲೆಕಟ್ಟುಗಳಿಗೆ ಅಲ್ಲಿ ಜಾಗವಿಲ್ಲ. ಅಕ್ಷರವನ್ನು ಚಿತ್ರವಾಗಿ ಬದಲಿಸಿ, ಒಂದು ಬೈಟಿಗೆ ಎಂಟು ಸೂಜಿ ಎಂಬ ಲೆಕ್ಕದಲ್ಲಿ, ಒಂದೇ ಸಾಲಿನ ಮೇಲೆ ಹೆಡ್ಡನ್ನು ಮತ್ತೆ ಮತ್ತೆ ಓಡಿಸಿದರೆ ಮಾತ್ರ ಕನ್ನಡ ಮೂಡುತ್ತಿತ್ತು. ಡಾಸ್ ಕಾಲದಲ್ಲಿ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನೊಳಗೆ ಚುಚ್ಚಿ ಕಚೇರಿಗಳಲ್ಲಿ ಕನ್ನಡ ಮುದ್ರಿಸಿದವರಿಗೆ ಆ ಸದ್ದು ಇನ್ನೂ ಕಿವಿಯಲ್ಲಿರಬಹುದು. ಮಂಗಳೂರಿನ ಪಕ್ಕದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಸೇಡಿಯಾಪು ತಂತ್ರಾಂಶ ಮಾಡಿ ಕನ್ನಡವನ್ನು ಕಂಪ್ಯೂಟರಿಗೆ ಒಗ್ಗಿಸಿದ್ದು ಇಂಥ ಕಾಲದಲ್ಲಿ.

ಇಡೀ ಪುಟವನ್ನೇ ಚುಕ್ಕಿಗಳ ಚಿತ್ರವಾಗಿ ಕಳಿಸುವ ರೂಢಿ ಬಂದ ಮೇಲೆ ಈ ಪಾಡು ತಪ್ಪಿತು. ಪ್ರಿಂಟರಿಗೆ ಕನ್ನಡ ಬರಬೇಕಾಗಿಲ್ಲ, ಇಂಗ್ಲಿಷೂ ಬರಬೇಕಾಗಿಲ್ಲ. ನುಡಿ, ಬರಹ, ಶ್ರೀಲಿಪಿ, ಈಗಿನ ಯೂನಿಕೋಡ್ ಫಾಂಟುಗಳು ಎಲ್ಲವೂ ಅದಕ್ಕೆ ಕಪ್ಪು ಬಿಳುಪು ಚುಕ್ಕಿಗಳೇ. ಉರ್ವದಿಂದ ಹೆಚ್ಚು ದೂರವಿಲ್ಲದ ಬಲ್ಮಠದಲ್ಲಿ, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮುದ್ರಣವಾದದ್ದು. ಕಲ್ಲಚ್ಚಿನಲ್ಲಿ ಬಿಡಿ ಮೊಳೆ ಇರುವುದಿಲ್ಲ, ಕೈಯಲ್ಲಿ ಬರೆದ ಪುಟ ಇಡಿಯಾಗಿ ಒಂದು ಚಿತ್ರವಾಗಿ ಕಲ್ಲಿನ ಮೇಲಿಂದ ಕಾಗದಕ್ಕೆ ಇಳಿಯುತ್ತದೆ. ಕನ್ನಡದ ಮೊದಲ ಪತ್ರಿಕೆ ನಮ್ಮೂರಿನಲ್ಲಿ ಮೂಡಿದ ಬಗೆಯಲ್ಲೇ, ಪುಟವನ್ನು ಒಟ್ಟಾಗಿ ಚಿತ್ರವೆಂದು ಬಗೆದು, ಅಕ್ಕನ ಅಂಗಡಿಯ ಪ್ರಿಂಟರೂ ಕೆಲಸ ಮಾಡುತ್ತದೆ ಎಂದು ತಿಳಿದಾಗ ನನಗೆ ಖುಷಿಯಾಯಿತು. ಮಿದುಳಿಲ್ಲದ ಅಗ್ಗದ ಪ್ರಿಂಟರನ್ನು ನಾನು ಬಯ್ಯಲಾರೆ. ಅದು ಕನ್ನಡಕ್ಕೆ ಉಪಕಾರ ಮಾಡಿದೆ. ನನ್ನ ತಕರಾರು ಇರುವುದು ಗುಟ್ಟಿನ ಬಗ್ಗೆ ಮಾತ್ರ. ಚುಕ್ಕಿಗಳನ್ನು ಯಾವ ರೀತಿಯಲ್ಲಿ ಮಡಚಿ ಕಳಿಸಬೇಕು ಎಂಬುದನ್ನು ಒಂದು ಕಾಗದದಲ್ಲಿ ಬರೆದು ಎಲ್ಲರಿಗೂ ಕೊಟ್ಟಿದ್ದರೆ ಪ್ರಿಂಟರಿನ ಬೆಲೆ ಒಂದು ರೂಪಾಯಿಯೂ ಹೆಚ್ಚಾಗುತ್ತಿರಲಿಲ್ಲ.

ಹಾಗೆ ಕೊಟ್ಟವರೂ ಇದ್ದಾರೆ. ಎಪ್ಸನ್ ಕಂಪನಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಿಗೆಂದು ಮಾಡಿದ ಇಎಸ್‌ಸಿ/ಪಿ ಆದೇಶಗಳನ್ನು ಕೈಪಿಡಿಗಳಲ್ಲೇ ಅಚ್ಚು ಹಾಕಿ ಹಂಚಿತು. ಉಳಿದ ಕಂಪನಿಗಳೂ ಅದನ್ನೇ ಅನುಸರಿಸಿದವು. ಅದರ ಫಲವಾಗಿ ಸೊಸೈಟಿಗಳಲ್ಲಿ, ಗ್ಯಾಸ್ ಏಜೆನ್ಸಿಗಳಲ್ಲಿ ಕಾರ್ಬನ್ ಪ್ರತಿಗಾಗಿ ಇನ್ನೂ ಕುಟ್ಟುತ್ತಿರುವ ಡಾಟ್ ಮ್ಯಾಟ್ರಿಕ್ಸ್‌ಗಳು ಆರ್ಮ್ ಕಂಪ್ಯೂಟರಿನ ಜೊತೆಗೂ ತಕರಾರಿಲ್ಲದೆ ಬಾಳುತ್ತವೆ. ಎಲ್ಲಕ್ಕಿಂತ ಹಳೆಯ ಯಂತ್ರ, ಎಲ್ಲಕ್ಕಿಂತ ಸುಲಭಕ್ಕೆ ಒಗ್ಗಿಕೊಳ್ಳುವ ಯಂತ್ರ. ಅದೇ ಎಪ್ಸನ್ ತನ್ನ ಇಂಕ್‌ಜೆಟ್‌ಗಳ ಇಎಸ್‌ಸಿ/ಪಿ-ಆರ್ ಲಿನಕ್ಸ್ ಡ್ರೈವರಿನ ಮೂಲವನ್ನೂ ತೆರೆದಿಟ್ಟಿದೆ.

ಕೊಡದಿದ್ದಾಗ ದುಡಿದು ಕಂಡುಹಿಡಿದವರೂ ಇದ್ದಾರೆ. ಅಶೋಕನಗರದಲ್ಲಿ ನಿವೃತ್ತ ಟೀಚರೊಬ್ಬರ ಮನೆಯಲ್ಲಿ ಎಚ್‌ಪಿ ಲೇಸರ್‌ಜೆಟ್ 1020 ಇದೆ. 2005ರ ಹೊತ್ತಿನ ಮಾಡೆಲು. ಅದು ತನ್ನ ಫರ್ಮ್‌ವೇರನ್ನು ಕೂಡ ಒಳಗೆ ಉಳಿಸಿಕೊಳ್ಳುವುದಿಲ್ಲ. ಪ್ರತಿ ಸಲ ಸ್ವಿಚ್ಚು ಹಾಕಿದಾಗ ಕಂಪ್ಯೂಟರು ಅದಕ್ಕೆ ಫರ್ಮ್‌ವೇರ್ ಉಣಿಸಬೇಕು, ಆಮೇಲೆಯೇ ಪುಟ ಕಳಿಸಬೇಕು. ಇಷ್ಟು ಪರಾಧೀನ ಯಂತ್ರ ಪೈಗೆ ಚುಚ್ಚಿದರೆ ನಡೆಯಲಾರದು ಎಂದೇ ಯಾರಿಗಾದರೂ ಅನ್ನಿಸಬೇಕು. ಆದರೆ ಅದು ನಡೆಯಿತು. ರಿಕ್ ರಿಚರ್ಡ್‌ಸನ್ ಎಂಬವರು ಆ ಪ್ರಿಂಟರುಗಳ ರೀತಿಯನ್ನು ಬಿಡಿಸಿ, ಫೂ2ಝೆಡ್‌ಜೆಎಸ್ ಎಂಬ ಡ್ರೈವರ್ ಬರೆದು, ಮೂಲವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಮೂಲ ಸಿಕ್ಕಿದ್ದರಿಂದ ಅದನ್ನು ಆರ್ಮ್‌ಗೂ ಬೇರೆಯವರು ಕಂಪೈಲ್ ಮಾಡಿಟ್ಟಿದ್ದರು. ಟೀಚರು ಮೊಮ್ಮಗಳ ಪ್ರಾಜೆಕ್ಟಿನ ಹಾಳೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಜೋಡಿಸಿದರು. ಕ್ಯಾನನ್‌ನ ಕ್ಯಾಪ್ಟ್ ಪ್ರಿಂಟರುಗಳಿಗೆ ಹೀಗೆಯೇ ಅಲೆಕ್ಸಿ ಗಲಖೋವ್ ಎಂಬವರು ಶುರು ಮಾಡಿದ ಕ್ಯಾಪ್ಟ್‌ಡ್ರೈವರ್ ಇದೆ. ಯುಎಸ್‌ಬಿ ತಂತಿಯಲ್ಲಿ ಹೋಗುವ ಬೈಟುಗಳನ್ನು ದಿನಗಟ್ಟಲೆ ನೋಡಿ, ಈ ಅಂಕಿ ಕಾಗದದ ಅಗಲಕ್ಕೆ, ಈ ಅಂಕಿ ಟೋನರಿನ ಸ್ಥಿತಿಗೆ ಎಂದು ಒಂದೊಂದೇ ಗುರುತು ಹಚ್ಚುವ ಈ ಕೆಲಸಕ್ಕೆ ಸಂಬಳವಿಲ್ಲ. ಕೈಯಲ್ಲಿ ಟೋನರ್ ಮೆತ್ತಿಕೊಂಡು ಕಾರ್ಟ್ರಿಜ್ ತುಂಬುವ ನಮ್ಮ ಸ್ಕೂಟರಿನ ಹುಡುಗ, ದೂರ ದೇಶದಲ್ಲಿ ಡ್ರೈವರ್ ಬರೆದವರು, ಇವರನ್ನೆಲ್ಲ ನಾನು ಒಂದೇ ಗೌರವದಿಂದ ನೋಡುತ್ತೇನೆ.

ಡ್ರೈವರಿನ ಮೂಲ ಕೊಡದೆ ಇದ್ದುದರಿಂದ ಒಂದು ಚಳವಳಿಯೇ ಹುಟ್ಟಿದೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿರಲಾರದು. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ 1980ರ ಹೊತ್ತಿಗೆ ಝೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರು ಬಂತು. ಕಾಗದ ಸಿಕ್ಕಿಕೊಳ್ಳುತ್ತಿತ್ತು, ಸಿಕ್ಕಿದ್ದು ಬೇರೆ ಮಹಡಿಯಲ್ಲಿ ಕೂತವರಿಗೆ ತಿಳಿಯುತ್ತಿರಲಿಲ್ಲ. ಹಳೆಯ ಪ್ರಿಂಟರಿನ ಪ್ರೋಗ್ರಾಮನ್ನು ತಿದ್ದಿ, ಜಾಮ್ ಆದ ಕೂಡಲೇ ಕಾಯುತ್ತಿರುವವರಿಗೆ ಸುದ್ದಿ ಹೋಗುವಂತೆ ರಿಚರ್ಡ್ ಸ್ಟಾಲ್‌ಮನ್ ಮಾಡಿದ್ದರು. ಹೊಸದಕ್ಕೂ ಹಾಗೆ ಮಾಡಬೇಕೆಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅದರ ಸೋರ್ಸ್ ಕೋಡ್ ಇದ್ದವರನ್ನು ಕೇಳಿದರೆ, ಕೊಡುವುದಿಲ್ಲವೆಂದು ಒಪ್ಪಂದ ಮಾಡಿಕೊಂಡಿದ್ದೇನೆ ಎಂಬ ಉತ್ತರ ಬಂತು. ಆ ಸಿಟ್ಟು ಅವರನ್ನು ಬಿಡಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಅವರು ಮುಕ್ತ ತಂತ್ರಾಂಶಕ್ಕಾಗಿ ಗ್ನೂ ಯೋಜನೆಯನ್ನು ಘೋಷಿಸಿದರು. ಅಕ್ಕನ ಪೈಯಲ್ಲಿ ನಡೆಯುತ್ತಿರುವುದರಲ್ಲಿ ಬಹುಪಾಲು ಆ ದಾರಿಯಲ್ಲಿ ಬಂದದ್ದೇ.

ಅಕ್ಕನ ಪ್ರಿಂಟರಿಗೆ ಅಂಥ ಮುಕ್ತ ಡ್ರೈವರ್ ಯಾರೂ ಬರೆದಿರಲಿಲ್ಲ. ಉಳಿದ ದಾರಿ ಒಂದೇ. ಇಂಟೆಲ್‌ಗಾಗಿ ಮಾಡಿದ ಆ ಪ್ರೋಗ್ರಾಮಿಗೆ, ನೀನು ಇಂಟೆಲ್ ಮೇಲೆಯೇ ಇದ್ದೀಯ ಎಂದು ನಂಬಿಸುವುದು. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕೆಮು ಎಂಬ ಪ್ರೋಗ್ರಾಮು ಈ ಕೆಲಸ ಮಾಡುತ್ತದೆ. ಇಂಟೆಲ್‌ನ ಆದೇಶಗಳನ್ನು ಓದುತ್ತಾ ಓದುತ್ತಾ ಸ್ಥಳದಲ್ಲೇ ಆರ್ಮ್‌ನ ಆದೇಶಗಳಾಗಿ ಮಾಡಿ ನಡೆಸುತ್ತದೆ. ಅದನ್ನು ಹಾಕಿದೆ. ಹಳೆಯ 32 ಬಿಟ್ ಇಂಟೆಲ್‌ಗೆ ಬೇಕಾದ ಸಿ ಲೈಬ್ರರಿಯನ್ನು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಭಂಡಾರದಿಂದ ತಂದು ಪಕ್ಕದಲ್ಲಿಟ್ಟೆ. ಇನ್ನು ಉಳಿದದ್ದು ಲಿನಕ್ಸ್ ಕರ್ನಲ್ಲಿಗೆ ಹೇಳಿಕೊಡುವುದು. ಯಾವುದೇ ಪ್ರೋಗ್ರಾಮು ಬಂದಾಗ ಅದರ ಮೊದಲ ಬೈಟುಗಳನ್ನು ನೋಡು, ಹದಿನೆಂಟನೆಯ ಬೈಟು 03 ಆಗಿದ್ದರೆ ಬಾಗಿಲು ಮುಚ್ಚಬೇಡ, ಕೆಮುವಿನ ಕೈಗೆ ಕೊಡು ಎಂದು. ಒಳಗೆ ಬರಬೇಡ ಎನ್ನಲು ಕಾರಣವಾಗಿದ್ದ ಅಂಕಿಯನ್ನೇ ನೋಡಿ ಈಗ ಕರ್ನಲ್ಲು ಸರಿಯಾದ ಕಡೆಗೆ ದಾರಿ ತೋರಿಸುತ್ತದೆ.

ಟೆಸ್ಟ್ ಪೇಜ್ ಕೊಟ್ಟೆವು. ಹಸಿರು ದೀಪ ಮಿಣುಕಲು ಶುರುವಾಯಿತು. ಮೊದಲ ಪುಟಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು, ಆದೇಶಗಳೆಲ್ಲ ಒಮ್ಮೆ ಬದಲಾಗಬೇಕಲ್ಲ. ಆಮೇಲೆ ಒಳಗೆ ರೋಲರು ಎಳೆದ ಸದ್ದು, ಫ್ಯೂಸರಿನ ಬಿಸಿ ವಾಸನೆ, ಬೆಚ್ಚಗಿನ ಹಾಳೆ. ಅಕ್ಕ ಟೆಸ್ಟ್ ಪೇಜಿನಿಂದ ತೃಪ್ತರಾಗಲಿಲ್ಲ. "ಕನ್ನಡ ಬರ್ತದಾ ನೋಡುವ" ಎಂದು ಯಾರದೋ ಅರ್ಜಿಯೊಂದನ್ನು ತೆರೆದು ಕೊಟ್ಟರು. 'ಕಾರ್ಯನಿರ್ವಹಣಾಧಿಕಾರಿ' ಎಂಬ ಪದದ ಅರ್ಕಾವೊತ್ತು ಇದ್ದಲ್ಲೇ ಇತ್ತು. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಬಂತು ಮಾರಾಯ್ರೆ" ಎಂದರು. ಕಾಯುತ್ತಿದ್ದ ಗಿರಾಕಿಗೆ ಆ ಅರ್ಜಿಯನ್ನೇ ಕೊಟ್ಟು ದುಡ್ಡು ತೆಗೆದುಕೊಂಡರು.

ಹೊಸ ಪ್ರಿಂಟರು ಕೊಳ್ಳುವವರಿಗೆ ಈ ಕಷ್ಟ ಬಹುಮಟ್ಟಿಗೆ ಇಲ್ಲ. 2010ರಲ್ಲಿ ಆಪಲ್ ತನ್ನ ಫೋನುಗಳಿಗಾಗಿ ಏರ್‌ಪ್ರಿಂಟ್ ತಂದಿತು, ಫೋನಿನಲ್ಲಿ ಮಾಡೆಲಿಗೊಂದು ಡ್ರೈವರ್ ಹಾಕಿಸುವುದು ಆಗದ ಮಾತಾಗಿತ್ತು. 2013ರಲ್ಲಿ ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್, ಝೆರಾಕ್ಸ್ ಸೇರಿ ಮೋಪ್ರಿಯಾ ಕೂಟ ಕಟ್ಟಿದವು. ಐಪಿಪಿ ಎಂಬ ಸಾಮಾನ್ಯ ರೀತಿಯಲ್ಲಿ, ನೀನು ಎಷ್ಟು ಚುಕ್ಕಿ ಮೂಡಿಸಬಲ್ಲೆ, ಎರಡೂ ಮಗ್ಗುಲು ಬರುತ್ತದಾ ಎಂದು ಪ್ರಿಂಟರನ್ನೇ ಕೇಳಿ, ಎಲ್ಲರಿಗೂ ತಿಳಿದ ರೂಪದಲ್ಲಿ ಪುಟ ಕಳಿಸುವುದು ಈಗಿನ ಪದ್ಧತಿ. ಇನ್ನು ಮುಂದೆ ಕಂಪನಿಗಳ ಬೇರೆ ಬೇರೆ ಡ್ರೈವರುಗಳನ್ನು ಕ್ರಮೇಣ ಕೈಬಿಡುವುದಾಗಿ ಮೈಕ್ರೋಸಾಫ್ಟ್ ಕೂಡ 2023ರಲ್ಲಿ ಹೇಳಿತು. ಆರ್ಮ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪುಗಳು ಹೆಚ್ಚುತ್ತಿವೆ. ಅವು ಇಂಟೆಲ್‌ನ ಸಾಮಾನ್ಯ ಪ್ರೋಗ್ರಾಮುಗಳನ್ನು ಹೇಗೋ ನಡೆಸಿದರೂ ಇಂಟೆಲ್‌ಗೆಂದು ಮಾಡಿದ ಡ್ರೈವರುಗಳನ್ನು ಒಪ್ಪುವುದಿಲ್ಲ. ಆಪಲ್ಲಂತೂ 1994ರಲ್ಲಿ ಪವರ್‌ಪಿಸಿಗೆ, 2006ರಲ್ಲಿ ಇಂಟೆಲ್‌ಗೆ, 2020ರಲ್ಲಿ ಆರ್ಮ್‌ಗೆ ಎಂದು ಮೂರು ಸಲ ಮನೆ ಬದಲಿಸಿದೆ.

ಹಾಗಾಗಿ ಈ ಪ್ರಶ್ನೆ ಪೈ ಇಟ್ಟುಕೊಂಡ ಒಬ್ಬಿಬ್ಬರದ್ದಲ್ಲ. ಈಗಿರುವ ಪ್ರಿಂಟರುಗಳನ್ನೆಲ್ಲ ಏನು ಮಾಡುವುದು? 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಮ್ಮ ಇ-ತ್ಯಾಜ್ಯ ನಿಯಮಗಳು ಪ್ರಿಂಟರುಗಳನ್ನೂ ಅವುಗಳ ಕಾರ್ಟ್ರಿಜ್‌ಗಳನ್ನೂ ಪಟ್ಟಿಯಲ್ಲಿ ಸೇರಿಸಿ, ತ್ಯಾಜ್ಯದ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಒಂದು ಪೋರ್ಟಲನ್ನೂ ತೆರೆಯಿತು. ಒಳ್ಳೆಯದೇ. ರೋಲರು, ಫಿಲ್ಮುಗಳ ಹಾಗೆ ಡ್ರೈವರು ಕೂಡ ಒಂದು ಬಿಡಿಭಾಗ ಎಂದು ಅಲ್ಲಿ ಬರೆಯಬೇಕು ಎಂಬುದು ನನ್ನ ಕೇಳಿಕೆ. ಒಂದು ಮಾಡೆಲಿನ ಮಾರಾಟ ನಿಲ್ಲಿಸಿದ ದಿನ ಅದರ ಡ್ರೈವರಿನ ಮೂಲವನ್ನು ಬಿಟ್ಟುಕೊಟ್ಟರೆ ತಯಾರಕರಿಗೆ ನಷ್ಟವೇನೂ ಕಾಣುವುದಿಲ್ಲ. ಬಿಟ್ಟುಕೊಡದೆ, ಕೆಲವು ವರ್ಷದಲ್ಲಿ ಕಡತವನ್ನೇ ಜಾಲತಾಣದಿಂದ ತೆಗೆದುಬಿಟ್ಟರೆ ಕೆಮು ಕೂಡ ಏನೂ ಮಾಡಲಾರದು.

ಅದಕ್ಕೇ ಆ ಡ್ರೈವರ್ ಕಡತವನ್ನೂ, ಎಲ್ಲ ಜೋಡಿಸಿಟ್ಟ ಮೆಮೊರಿ ಕಾರ್ಡಿನ ಇನ್ನೊಂದು ಪ್ರತಿಯನ್ನೂ ಲಕೋಟೆಯಲ್ಲಿ ಹಾಕಿ ಅಕ್ಕನ ಗಲ್ಲಾಪೆಟ್ಟಿಗೆಯ ಪಕ್ಕದ ಡ್ರಾಯರಿನಲ್ಲಿ ಇಡಿಸಿದ್ದೇನೆ. ಕೊಟ್ಟಾರದ ಒಬ್ಬ ಡಿಟಿಪಿಯವರು ತಮ್ಮದೂ ಅದೇ ಮಾಡೆಲ್ ಎಂದು ಬಂದು ನಕಲು ಮಾಡಿಕೊಂಡು ಹೋದರು. ಮೊನ್ನೆ ಅಕ್ಕನ ತಂಗಿ ಕಾಪುವಿನಿಂದ ಫೋನು ಮಾಡಿದ್ದರು. ಅವರ ಅಂಗಡಿಯದ್ದು ಬೇರೆ ಕಂಪನಿಯ ಪ್ರಿಂಟರಂತೆ, ಲ್ಯಾಪ್‌ಟಾಪು ಹೊಸದಂತೆ. ಪ್ರಿಂಟರಿನ ಹಿಂಭಾಗದ ಲೇಬಲಿನ ಫೋಟೋ ಒಂದು ಕಳಿಸಲು ಹೇಳಿದ್ದೇನೆ, ಭಾನುವಾರದ ಬಸ್ಸಿಗೆ ಹೊರಡುವ ಮೊದಲು ಅದಕ್ಕೆ ಯಾರಾದರೂ ಡ್ರೈವರ್ ಬರೆದಿದ್ದಾರೋ ಎಂದು ಹುಡುಕಿಟ್ಟುಕೊಳ್ಳಬೇಕು.